ದೋಣಿಯ ಪೆಟ್ಟಿಗೆ ಖಾಲಿ ಮಾಡುವ ವಿದ್ಯೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಅನಸೂಯಾ ಕುಂದರಗಿ ಬಾಯಿಯವರು. ಬಾಯಿ ಅಂದರೆ ಆ ಕಡೆ ಟೀಚರು; ಇವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು.

ನಾವಿದ್ದ ಬಸ್ಸು ಅಂದು ಜೋಳದ ಹೊಲಗಳ ನಡುವೆ ಕೆಟ್ಟು ನಿಂತಿತ್ತು. ಗಂಡಸರು ಇಳಿದು ಅಲ್ಲಲ್ಲೇ ಬೆನ್ನು ತಿರುಗಿಸಿ ನಿಂತರು. ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಲ್ಲೇ ಕೂತರು.

"ಮನಸ್ಸು ಬ್ಯಾರೆ ಕಡೆ ಹೋಗೂ ಹಂಗ ಒಂದ ಕಥಿ ಹೇಳ್ತೀನಿ, ಕೇಳ್ರಿ," ಅಂದರು ಬಾಯಿಯವರು.

ಅವರು ಹೇಳಿದ ಕಥೆ ಮನಸ್ಸನ್ನು ನೇರವಾಗಿ ಅದೇ ಕಡೆಗೆ ಎಳೆದುಕೊಂಡು ಹೋಯಿತು. ಆದರೂ ಕೇಳಿದೆವು.

ಹಿನ್ನೀರಿನ ನಡುವೆ ಒಂದು ನಡುಗಡ್ಡೆ. ಅದರ ಮೇಲೆ ಒಂದು ಸಣ್ಣ ಮಠ. ಮಠದಲ್ಲಿ ಎಂಬತ್ತೆರಡು ವರ್ಷದ ಗುರುಗಳು, ನಾಲ್ಕು ಎಮ್ಮೆ, ಅಡುಗೆ ಮಾಡುವ ಬಾಳವ್ವ, ಮತ್ತೆ ಸದ್ಯೋಜಾತನೆಂಬ ಶಿಷ್ಯ. ಗುರುಗಳನ್ನು ಆ ಸೀಮೆಯಲ್ಲಿ ಕರೆಯುವ ಹಾಗೆ ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಶಿಷ್ಯ ಅಂತಿಂಥವನಲ್ಲ. ತುಮಕೂರಿನ ಕಡೆಯವನು. ತರ್ಕಶಾಸ್ತ್ರದಲ್ಲಿ ಚಿನ್ನದ ಪದಕ. ಆರು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಎಲ್ಲವನ್ನೂ ಬಿಟ್ಟು ಬಂದವನು. ಬಿಟ್ಟು ಬಂದೆ ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ. ದಿನಕ್ಕೆರಡು ಸಲ ಹೇಳುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಒಂದೇ. ಅಜ್ಜಾರು ಕಿವಿಯಲ್ಲಿ ಹೇಳುವ ಉಪದೇಶ. ಮೂರು ವರ್ಷದಿಂದ ಕಾಯುತ್ತಿದ್ದ.

ಈಗ ಕಾಯಲು ಹೊತ್ತಿರಲಿಲ್ಲ. ಬರುವ ಕಾರ್ತಿಕ ಹುಣ್ಣಿಮೆಯ ದಿನ, ಮಠದ ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ, ಅಜ್ಜಾರು ಮೌನ ಹಿಡಿಯುವವರಿದ್ದರು. ಹನ್ನೆರಡು ವರ್ಷದ ಮೌನ.

ಎಂಬತ್ತೆರಡಕ್ಕೆ ಹನ್ನೆರಡು ಕೂಡಿಸಿ ನೋಡಲು ತರ್ಕಶಾಸ್ತ್ರ ಬೇಕಾಗಿರಲಿಲ್ಲ.

ಶ್ರಾವಣದ ಒಂದು ಸೋಮವಾರ, ಪ್ರಸಾದದ ಸಾಲಿನಲ್ಲಿ ನಿಂತಿದ್ದ ತುಂಗವ್ವ ಎಂಬ ಮುದುಕಿ ತಲೆ ಸುತ್ತಿ ಬಿದ್ದಳು. ಅಜ್ಜಾರೇ ಬಂದು ಮುಖಕ್ಕೆ ನೀರು ಚಿಮುಕಿಸಿದರು.

"ಏನೂ ತಿಂದಿಲ್ಲೇನವಾ?"

"ತಿಂದೀನ್ರಿ ಯಪ್ಪಾ."

"ನೀರು ಕುಡದಿಯಿಲ್ಲೋ?"

ತುಂಗವ್ವ ನೆಲ ನೋಡಿದಳು.

ಬಾಳವ್ವ ಒಳಗಿಂದ ಬಂದಳು. "ಅಜ್ಜಾರ, ಅಕಿನ್ನ ಏನ ಕೇಳ್ತೀರಿ? ದೋಣಿಯೊಳಗ ಮೂರು ತಾಸು ಕುಂದರಬೇಕು. ಸುತ್ತ ನೀರು, ನಡುವ ಗಂಡಸರು. ಇಲ್ಲಿ ಬಂದ ಯಾವ ಹೆಂಗಸೂ ನಿನ್ನೆ ಸಂಜಿಯಿಂದ ಒಂದು ಗುಟುಕು ಕುಡದಿರೂದಿಲ್ಲ."

ಅಜ್ಜಾರು ದಡಕ್ಕೆ ಹೋಗಿ ದೋಣಿಯನ್ನು ಒಂದು ಸುತ್ತು ನೋಡಿ ಬಂದರು.

ತಿಂಗಳೊಳಗೆ ಒಂದು ಪೆಟ್ಟಿಗೆ ಬಂತು. ಮುಂಬೈಗೆ ಹೋಗಿ ಬರುವ ಒಬ್ಬ ಭಕ್ತನ ಕೈಯಲ್ಲಿ ಅಜ್ಜಾರು ತರಿಸಿದ್ದು. ಸಣ್ಣ ದೋಣಿಗಳಲ್ಲಿ ಇಡುವ ಸಂಡಾಸು. ಮೇಲಿನ ಅರ್ಧ ಕೂರುವುದಕ್ಕೆ, ಕೆಳಗಿನ ಅರ್ಧ ತುಂಬುವುದಕ್ಕೆ. ಕೆಳಗಿನ ತೊಟ್ಟಿಗೆ ಒಂದು ಮುಚ್ಚಳ ನೀಲಿ ಔಷಧ ಹಾಕಿದರೆ ನಾತವಿಲ್ಲ. ತುಂಬಿದ ಮೇಲೆ ಕೆಳಗಿನ ಅರ್ಧವನ್ನು ಬಿಚ್ಚಿ, ಹಿಡಿಕೆ ಹಿಡಿದು ಒಯ್ದು ಖಾಲಿ ಮಾಡಿಕೊಂಡು ಬರಬೇಕು.

ದೋಣಿ ನಡೆಸುವ ಯಂಕಪ್ಪ ಅದನ್ನು ದೋಣಿಯ ಹಿಂಬದಿಗೆ ಕೂರಿಸಿದ. ಬಾಳವ್ವನ ಹಳೆಯ ಇಳಕಲ್ ಸೀರೆ ಪರದೆಯಾಯಿತು.

"ಎಲ್ಲಾ ಛಲೋ ಆತ್ರಿ," ಅಂದ ಯಂಕಪ್ಪ. "ಖಾಲಿ ಮಾಡೋರು ಯಾರು?"

ಅಜ್ಜಾರು ಸದ್ಯೋಜಾತನ ಕಡೆ ನೋಡಿದರು. ಸದ್ಯೋಜಾತ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

"ಅಜ್ಜಾರೇ, ನಾನು ಉಪದೇಶಕ್ಕಾಗಿ ಬಂದವನು."

"ಗೊತ್ತೈತಿ. ಈ ಪೆಟಗಿ ಖಾಲಿ ಮಾಡೂದು ಕಲತ ದಿನಾ ಕೊಡ್ತೀನಿ."

"ಅದರಲ್ಲಿ ಕಲಿಯುವುದೇನಿದೆ? ಬಗ್ಗಿಸಿದರೆ ಖಾಲಿಯಾಗುತ್ತದೆ."

"ಹಂಗಾರ ನಿನಗ ಹಗುರಾತು."

"ಎಲ್ಲಿ ಖಾಲಿ ಮಾಡಲಿ?"

"ನಿನಗ ಎಲ್ಲಿ ಛಲೋ ಅನಸ್ತೈತಿ, ಅಲ್ಲಿ."

ಮೊದಲ ಸೋಮವಾರ ಸದ್ಯೋಜಾತ ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡ. ಔಷಧದ ಡಬ್ಬಿಯ ಮೇಲೆ ಒಂದು ಮುಚ್ಚಳ ಎಂದು ಬರೆದಿತ್ತು. ಅವನು ನಾಲ್ಕು ಹಾಕಿದ್ದ. ನಾಲ್ಕು ಪಟ್ಟು ಶುದ್ಧವಾಗಲಿ ಎಂದು.

ಸಂಜೆ ಭಕ್ತರನ್ನೆಲ್ಲ ಇಳಿಸಿ ಬಂದ ದೋಣಿಯನ್ನು ನಡುಗಡ್ಡೆಯ ಹಿಂಭಾಗಕ್ಕೆ ಹೊರಳಿಸಲು ಹೇಳಿದ. ಸ್ತೋತ್ರ ಹೇಳುತ್ತ ತೊಟ್ಟಿಯ ಮುಚ್ಚಳ ತಿರುಗಿಸಿದ. ಒಳಗಿನ ಗಾಳಿ ಡಬ್ ಎಂದಿತು.

ಅರ್ಧ ನೀರಿಗೆ ಹೋಯಿತು. ಅರ್ಧ ಚಿನ್ನದ ಪದಕದವನ ಮೇಲೆ.

ಮರುದಿನ ಬೆಳಿಗ್ಗೆ ಬಾಳವ್ವ ಹಿಂಭಾಗದ ಮೆಟ್ಟಿಲಲ್ಲಿ ಬಟ್ಟೆ ಒಗೆಯಲು ಕೂತಳು. ಹಿನ್ನೀರು ಹರಿಯುವುದಿಲ್ಲ. ಚೆಲ್ಲಿದ್ದೆಲ್ಲ ಮೆಟ್ಟಿಲ ಮೂಲೆಯಲ್ಲಿ ಬಂದು ಕೂತಿತ್ತು. ಅಜ್ಜಾರ ಬಿಳಿ ಧೋತರ ಅದರಲ್ಲಿ ಮುಳುಗಿ ಆಕಾಶದ ಬಣ್ಣದಲ್ಲಿ ಎದ್ದು ಬಂತು.

"ಅಯ್ಯ, ನೀಲಿ ಹಾಕಿ ಹಾಕಿ ನನ್ನ ಕೈ ಸವದಾವು. ಇಂಥಾ ಬಣ್ಣಾ ಎಂದೂ ಬಂದಿರ್ಲಿಲ್ಲ!"

ಆಮೇಲೆ ಅದನ್ನು ಮೂಸಿ ನೋಡಿದಳು. ಬೇರೆ ನೀರಿನಲ್ಲಿ ಏಳು ಸಲ ಒಗೆದಳು. ನಾತ ಹೋಯಿತು, ಬಣ್ಣ ಹೋಗಲಿಲ್ಲ.

ಅಜ್ಜಾರು ಆ ಧೋತರವನ್ನೇ ಉಟ್ಟರು.

"ಅಜ್ಜಾರ, ಬಿಳಿ ಬಿಟ್ಟು ಇದ್ಯಾಕ ನೀಲಿ?" ಎಂದು ಬಂದವರೆಲ್ಲ ಕೇಳಿದರು.

"ಸದ್ಯೋಜಾತ ಉಡಿಸ್ಯಾನ," ಅಂದರು ಅಜ್ಜಾರು.

ಮೂರು ದಿನ ಅದನ್ನೇ ಹೇಳಿದರು. ನಾಲ್ಕನೆಯ ದಿನ ಆಚೆ ಊರಿನಿಂದ ಇಬ್ಬರು ಭಕ್ತರು ನೀಲಿ ಧೋತರ ಉಟ್ಟುಕೊಂಡು ಬಂದರು. ಸದ್ಯೋಜಾತ ಓಡಿ ಹೋಗಿ ಅಜ್ಜಾರ ಕಾಲಿಗೆ ಬಿದ್ದ.

"ತಪ್ಪಾಯಿತು ಅಜ್ಜಾರೇ. ಹೊಳೆ ಹೊತ್ತುಕೊಂಡು ಹೋಗುತ್ತದೆ ಅಂದುಕೊಂಡೆ."

"ಎಲ್ಲಿಗೆ?"

"ದೂರಕ್ಕೆ."

"ದೂರ ಅಂದ್ರ ಯಾರ ಮನಿ?"

ಸದ್ಯೋಜಾತ ಓದಿದ ಯಾವ ಪುಸ್ತಕದಲ್ಲೂ ದೂರಕ್ಕೆ ವಿಳಾಸವಿರಲಿಲ್ಲ. ಎದ್ದು ಹೋದ.

ನೀರು ಬೇಡ ಎಂದಾದ ಮೇಲೆ ಅವನು ತರ್ಕವನ್ನು ನೆಲದ ಮೇಲೆ ಹೂಡಿದ. ಸಗಣಿಯೂ ಮಲ. ಇದೂ ಮಲ. ಸಗಣಿಯಿಂದ ಮಠದ ಗೋಬರ್ ಗ್ಯಾಸ್ ಒಲೆ ಉರಿಯುತ್ತದೆ. ಆದ್ದರಿಂದ ಇದರಿಂದಲೂ ಉರಿಯುತ್ತದೆ.

ಎಲ್ಲೂ ಬಿರುಕಿಲ್ಲದ ವಾದ. ಎರಡು ಸೋಮವಾರ, ಎರಡು ಪೆಟ್ಟಿಗೆ, ನಾಲ್ಕು ನಾಲ್ಕು ಮುಚ್ಚಳ ಔಷಧದ ಸಮೇತ, ಗೋಬರ್ ಗ್ಯಾಸಿನ ಗುಂಡಿಗೆ ಹೋಯಿತು.

ಮೂರನೆಯ ಸೋಮವಾರದ ಹೊತ್ತಿಗೆ ಒಲೆಯ ಉರಿ ದೀಪದ ಕುಡಿಯಷ್ಟಾಗಿತ್ತು. ಅಂದು ಬೆಳಿಗ್ಗೆ ಅದೂ ಆರಿತು.

ಎಪ್ಪತ್ತು ಜನ ಊಟಕ್ಕೆ ಸಾಲು ಹಿಡಿದು ಕೂತಿದ್ದರು. ಅಜ್ಜಾರೂ ಒಂದು ಎಲೆ ಹಾಕಿಸಿಕೊಂಡು ಸಾಲಿನ ನಡುವೆ ಕೂತರು.

"ಬಡಸಪಾ ಸದ್ಯೋಜಾತ."

"ಏನು ಬಡಿಸಲಿ ಅಜ್ಜಾರೇ? ಅಡುಗೆಯೇ ಆಗಿಲ್ಲ."

"ಯಾಕ ಆಗಿಲ್ಲ? ಎಲ್ಲಾರಿಗೂ ಕೇಳೂ ಹಂಗ ಹೇಳು."

ಅವನು ಹೇಳಿದ. ಎಪ್ಪತ್ತು ಜನ ಕೇಳಿದರು. ಬಾಳವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಪಂಡಿತರ, ಆ ಗುಂಡ್ಯಾಗ ಕಣ್ಣಿಗೆ ಕಾಣದ ಜೀವ ಅದಾವ. ಸಗಣಿ ತಿಂದು ಬೆಂಕಿ ಕೊಡ್ತಾವ. ಹಿಂತಾ ಪುಣ್ಯಾತ್ಮರಿಗೆ ನೀವು ವಿಷಾ ಕುಡಿಸೀರಿ!"

"ಅದು ವಿಷವಲ್ಲ ತಾಯಿ. ನಾತ ಹೋಗುವ ಔಷಧ."

"ನಾತಾ ಮಾಡೋ ಜೀವಾನ ಕೊಂದ್ರನ ನಾತಾ ಹೋಗೂದು. ಅವೂ ಇವೂ ಅಣ್ಣತಮ್ಮಗೋಳು. ಔಷಧಕ್ಕ ತಿಳಿತೈತೇನ್ರಿ ಯಾರನ್ನ ಕೊಲ್ಲಬೇಕು, ಯಾರನ್ನ ಬಿಡಬೇಕು ಅಂತ?"

ಅಜ್ಜಾರು ಖಾಲಿ ಎಲೆಯನ್ನು ಒರೆಸಿದರು. "ನಾಲ್ಕು ಮುಚ್ಚಳಾ ಯಾಕ ಹಾಕಿದಿ?"

"ನಾತಕ್ಕೆ."

"ಯಾರ ಮೂಗಿನ ಸಲುವಾಗಿ?"

"ನನ್ನ ಮೂಗಿನ ಸಲುವಾಗಿ."

"ಒಂದು ಮೂಗಿನ ಸಲುವಾಗಿ ಎಪ್ಪತ್ತು ಹೊಟ್ಟಿ," ಅಂದರು ಅಜ್ಜಾರು. "ಬಾಳವ್ವ, ಚುರುಮುರಿ ತಾ."

ಗುಂಡಿಯನ್ನು ಬಳಿದು, ಆಚೆ ಊರಿನ ಗೋಬರ್ ಗ್ಯಾಸಿನಿಂದ ನಾಲ್ಕು ಕೊಡ ಹಳೆಯ ಸಗಣಿನೀರು ತಂದು, ಹೊಸ ಸಗಣಿ ಕಲಸಿ ಹಾಕಿದರು. ಒಲೆ ಮತ್ತೆ ಹೊತ್ತಿಕೊಳ್ಳಲು ಇಪ್ಪತ್ತೆರಡು ದಿನ ಹಿಡಿಯಿತು. ಪೆಟ್ಟಿಗೆಯನ್ನು ಅಲ್ಲಿಯವರೆಗೆ ದೋಣಿಯಿಂದ ಇಳಿಸಿಟ್ಟರು. ಅಷ್ಟು ದಿನವೂ ಜಾಲಿ ಕಟ್ಟಿಗೆ ಕಡಿದು ತಂದವನು ಸದ್ಯೋಜಾತ. ಒಲೆ ಊದಿದವನೂ ಅವನೇ. ಕಣ್ಣು ಕೆಂಡವಾಗಿತ್ತು.

"ಭಾರಿ ತಪಸ್ಸು ನಡದೈತಿ," ಅನ್ನುತ್ತಿದ್ದಳು ಬಾಳವ್ವ.

ಹುಣ್ಣಿಮೆಗೆ ಹದಿನೈದು ದಿನ ಉಳಿಯಿತು.

ಸದ್ಯೋಜಾತನಿಗೆ ಆಗ ಮೂರನೆಯ ಮಾರ್ಗ ಹೊಳೆಯಿತು. ಪೆಟ್ಟಿಗೆಯನ್ನು ಖಾಲಿ ಮಾಡುವ ಸರ್ವೋತ್ತಮ ವಿಧಾನ, ಅದು ತುಂಬದ ಹಾಗೆ ನೋಡಿಕೊಳ್ಳುವುದು.

ಮುಂದಿನ ಸೋಮವಾರ ಪೆಟ್ಟಿಗೆಯನ್ನು ಮತ್ತೆ ದೋಣಿಗೆ ಏರಿಸಿ, ಅವನೂ ಅದರಲ್ಲಿ ಕೂತು ಬಂದ. ದಾರಿಯುದ್ದಕ್ಕೂ ಹೆಂಗಸರಿಗೆ ಇಂದ್ರಿಯನಿಗ್ರಹದ ಬಗ್ಗೆ ಪ್ರವಚನ ಮಾಡಿದ. ಪ್ರವಚನಕ್ಕೆ ಮೊದಲು ಸೀರೆಯ ಪರದೆಯನ್ನು ಎರಡೂ ಕಡೆ ಎಳೆದು ಏಳು ಗಂಟು ಹಾಕಿದ್ದ. ಯಾರೂ ಏಳಲಿಲ್ಲ. ತುಂಗವ್ವ ಒಮ್ಮೆ ಪರದೆಯ ಕಡೆ, ಒಮ್ಮೆ ಅವನ ಕಡೆ ನೋಡಿ, ಸೆರಗು ಬಿಗಿದುಕೊಂಡು ಕೂತಳು.

ಮಠ ಮುಟ್ಟಿದ ಮೇಲೆ ಸದ್ಯೋಜಾತ ಗಂಟು ಬಿಚ್ಚಿ, ತೊಟ್ಟಿಯನ್ನು ಎರಡೂ ಕೈಯಲ್ಲಿ ಹೊತ್ತು ಅಜ್ಜಾರ ಮುಂದೆ ಇಟ್ಟ.

"ನೋಡಿ ಅಜ್ಜಾರೇ. ಪೂರ್ತಿ ಖಾಲಿ. ಒಂದು ಹನಿಯೂ ಇಲ್ಲ."

ಅಜ್ಜಾರು ಬಗ್ಗಿ ನೋಡಿದರು. "ಹೌದಲ್ಲೋ. ಕನ್ನಡಿ ಆಗೈತಿ. ಮಾತಾಡಿ ಮಾತಾಡಿ ಗಂಟಲಾ ಒಣಗಿರಬೇಕು ನಿಂದು. ಬಾಳವ್ವ, ಮಜ್ಜಿಗಿ ತಾ."

ಬಾಳವ್ವ ಒಂದು ಚರಿಗೆ ಮಜ್ಜಿಗೆ ತಂದಳು. ಅವನು ಕುಡಿದ.

"ಇನ್ನೊಂದು."

ಕುಡಿದ.

"ಗುರು ಕೊಟ್ಟಾಗ ಮೂರು ಅನ್ನೂದೈತಿ."

ಮೂರನೆಯದನ್ನೂ ಕುಡಿದ.

"ಛಲೋ ಆತು. ಈಗ ಇವರನ್ನೆಲ್ಲಾ ಅವರವರ ಊರಿಗೆ ಮುಟ್ಟಿಸಿ ಬಾ."

ತೊಟ್ಟಿಯನ್ನು ಮತ್ತೆ ಒಳಗೆ ಕೂರಿಸಿ, ಪರದೆಗೆ ಅದೇ ಏಳು ಗಂಟು ಹಾಕಿ ಹೊರಟ. ಮೊದಲ ಅರ್ಧ ತಾಸು ಸದ್ಯೋಜಾತ ದಿಗಂತ ನೋಡಿದ. ಆಮೇಲೆ ಕಣ್ಣು ಮುಚ್ಚಿದ. ಆಮೇಲೆ ಕಣ್ಣು ತೆರೆದು ಕಾಲ ಮೇಲೆ ಕಾಲು ಹಾಕಿದ.

"ಈ ವರ್ಷ ಮಳಿ ಭಾಳ ಅಲ್ಲೇನಬೇ?" ಅಂದಳು ಒಬ್ಬಳು.

"ಏನ ಕೇಳ್ತಿ. ನಮ್ಮ ಮನಿ ಮಾಳಗಿ ತೊಟ್ಟ ತೊಟ್ಟ, ತೊಟ್ಟ ತೊಟ್ಟ. ರಾತ್ರಿ ಎಲ್ಲಾ ಸೋರೂದ."

"ಯಂಕಪ್ಪ," ಅಂದ ಸದ್ಯೋಜಾತ, ಹಲ್ಲು ಕಚ್ಚಿಕೊಂಡು. "ದೋಣಿಯನ್ನು ಒಂದು ನಿಮಿಷ ದಡಕ್ಕೆ ಹಚ್ಚಲಾಗುತ್ತದೆಯೇ?"

"ಎಲ್ಲಿ ಹಚ್ಚಲ್ರೀ? ಸೊಂಟದ ಮಟಾ ಕೆಸರೈತಿ. ಇನ್ನೊಂದು ತಾಸಿಗೆ ಕಲ್ಲಿನ ದಂಡಿ ಬರ್ತೈತಿ."

ಸದ್ಯೋಜಾತ ಎದ್ದು ಪರದೆಯ ಹತ್ತಿರ ಹೋದ. ನೀರಿನ ಪಸೆಗೆ ಗಂಟುಗಳು ಬಿಗಿದು ಕಲ್ಲಾಗಿದ್ದವು. ಉಗುರಿನಲ್ಲಿ ಎಳೆದ. ಹಲ್ಲಿನಲ್ಲಿ ಎಳೆದ.

"ಯಾವ ಮೂಳ ಕಟ್ಯಾನಪಾ ಇದನ್ನ?" ಅಂದಳು ತುಂಗವ್ವ, ಏನೂ ಗೊತ್ತಿಲ್ಲದವಳ ಹಾಗೆ.

ದೋಣಿ ಅಲುಗಾಡುವಷ್ಟು ನಗು ಎದ್ದಿತು.

"ನಿಗ್ರಹಾ ಮಾಡ್ರಿ ಸ್ವಾಮಿ, ನಿಗ್ರಹಾ!" ಎಂದು ಯಾರೋ ಕೂಗಿದರು.

ಸದ್ಯೋಜಾತ ತಿರುಗಿ ನಿಂತ. ಅವನ ಮುಖದಲ್ಲಿ ಪಾಂಡಿತ್ಯವೆಂಬುದು ಎಳ್ಳಷ್ಟೂ ಉಳಿದಿರಲಿಲ್ಲ. ತುಂಗವ್ವನ ನಗು ನಿಂತಿತು. ಸೆರಗಿನ ಪಿನ್ನು ತೆಗೆದು, ಎದ್ದು ಬಂದು, ಒಂದೊಂದೇ ಗಂಟನ್ನು ಚುಚ್ಚಿ ಬಿಚ್ಚಿದಳು.

"ಹೋಗು ನನ್ನಪ್ಪಾ. ನಾವು ಆ ಕಡೆ ಮಾರಿ ಮಾಡ್ತೀವಿ. ಒಂದ ಹಾಡೂ ಹಾಡ್ತೀವಿ, ಸಪ್ಪಳಾ ಕೇಳೂದಿಲ್ಲ."

ಹೆಂಗಸರೆಲ್ಲ ಮುಖ ತಿರುಗಿಸಿ ಬೀಸುವ ಹಾಡೊಂದನ್ನು ಎತ್ತಿಕೊಂಡರು. ಜೋರಾಗಿ ಹಾಡಿದರು. ಹಾಡು ಉದ್ದವಾಗಿತ್ತು. ಅದು ಮುಗಿಯುವವರೆಗೂ ಸದ್ಯೋಜಾತ ಹೊರಗೆ ಬರಲಿಲ್ಲ.

ಬಂದ ಮೇಲೆ ತುಂಗವ್ವನ ಪಕ್ಕದಲ್ಲಿ ಕೂತ. ಅವಳನ್ನು ಕೇಳಿದ.

"ತಾಯಿ, ಎಷ್ಟು ವರ್ಷದಿಂದ ಮಠಕ್ಕೆ ಬರುತ್ತಿದ್ದೀರಿ?"

"ಇಪ್ಪತ್ತಾರಾತು."

"ಅಷ್ಟೂ ವರ್ಷ, ಪ್ರತಿ ಸಲ, ನೀರು ಕುಡಿಯದೆ?"

"ಮತ್ತ?"

ಸದ್ಯೋಜಾತ ಪ್ರವಚನ ಮಾಡಲಿಲ್ಲ. ಪರದೆಯ ಹಿಂದಿನ ತೊಟ್ಟಿಯ ಕಡೆ ನೋಡಿದ. ಆಮೇಲೆ ಅಂದ, "ಇದನ್ನು ಎಲ್ಲಿ ಖಾಲಿ ಮಾಡಬೇಕೋ ನನಗೆ ಗೊತ್ತಿಲ್ಲ ತಾಯಿ."

ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದು ಯಂಕಪ್ಪನಿಗೆ ಎಷ್ಟು ಹೊಸದೆಂದರೆ, ಅವನು ಇಂಜಿನ್ನನ್ನೇ ನಿಲ್ಲಿಸಿ ನೋಡಿದ.

"ನನಗರ ಏನ ಗೊತ್ತಪಾ," ಅಂದಳು ತುಂಗವ್ವ. "ನಮ್ಮೂರಾಗ ಸಂಡಾಸದ ಗುಂಡಿ ತುಂಬಿದ್ರ ಪ್ಯಾಟಿಯಿಂದ ಪೈಪ ಹಾಕಿ ಜಗ್ಗೋ ಲಾರಿ ಬರ್ತೈತಿ. ಅದು ಎಲ್ಲಿ ಹೋಗ್ತೈತಿ, ನೀನೂ ಅಲ್ಲಿಗೆ ಹೋಗು."

ಮರುದಿನ ತರ್ಕಶಾಸ್ತ್ರದ ಚಿನ್ನದ ಪದಕದವನು ಆಚೆ ದಡದಲ್ಲಿ ಸೈಕಲ್ ಹತ್ತಿ ಸಂಡಾಸು ಜಗ್ಗುವ ಲಾರಿಯ ಬೆನ್ನು ಹತ್ತಿದ. ಮೊದಲ ಲಾರಿ ಊರ ಹೊರಗಿನ ಹಳ್ಳಕ್ಕೆ ಬಿಟ್ಟು ಓಡಿತು. ಎರಡನೆಯ ಲಾರಿ ಅವನನ್ನು ಕಂಡು ಓಡಿತು, ತಪಾಸಣೆಯ ಸಾಹೇಬರೆಂದು ತಿಳಿದು. ಹನ್ನೊಂದು ದಿನ ಓಡಾಡಿದ ಮೇಲೆ, ಒಂದು ಲಾರಿ ಪಟ್ಟಣದ ಆಚೆ ಇರುವ ಮಲ ಶುದ್ಧೀಕರಣ ಘಟಕದ ಗೇಟಿನೊಳಗೆ ಹೋಯಿತು.

"ಪೆಟ್ಟಿಗೆಯದನ್ನೂ ತೆಗೆದುಕೊಳ್ಳುತ್ತೀರಾ?" ಎಂದು ಗೇಟಿನಲ್ಲಿ ಕೇಳಿದ.

"ತಗೊಂಡು ಬರ್ರಿ. ಹತ್ತರಿಂದ ನಾಲ್ಕರ ತನಕಾ ತೆಗದಿರ್ತೀವಿ," ಅಂದ ಅಲ್ಲಿಯ ನೌಕರ.

ಹುಣ್ಣಿಮೆಯ ಹಿಂದಿನ ದಿನ ಅಜ್ಜಾರಿಗೆ ಹೇಳಿದ. "ಜಾಗ ಸಿಕ್ಕಿತು ಅಜ್ಜಾರೇ."

"ಛಲೋ ಆತು. ನಾಳೆ ಸ್ನಾನಾ ಮಾಡಿ ಹನ್ನೊಂದಕ್ಕ ಬಾ. ಹನ್ನೆರಡಕ್ಕ ಗಂಟಿ ಆಗ್ತೈತಿ. ಆಮ್ಯಾಲೆ ನಾ ಮಾತಾಡೂದಿಲ್ಲ."

ಆ ರಾತ್ರಿ ಸದ್ಯೋಜಾತನಿಗೆ ನಿದ್ದೆ ಬರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ದೋಣಿ ತುಂಬಿ ಬಂತು. ಹೆಂಗಸರೆಲ್ಲ ಆರಾಮಾಗಿ ನಗುತ್ತ ಇಳಿದರು. ಯಂಕಪ್ಪ ತೊಟ್ಟಿ ಎತ್ತಲು ಹೋಗಿ ನಿಲ್ಲಿಸಿದ.

"ಸ್ವಾಮೇರ, ಇದು ಕುತ್ತಿಗಿ ಮಟಾ ತುಂಬೈತಿ. ಮೂರಕ್ಕ ಇವರು ತಿರುಗಿ ಹೋಗಬೇಕು. ಇನ್ನ ಒಬ್ಬರೂ ಕುಂದರಾಕ ಬರೂದಿಲ್ಲ."

ಆಗ ಒಂಬತ್ತೂವರೆ. ಪಟ್ಟಣದ ಘಟಕಕ್ಕೆ ಹೋಗಿ ಬರಲು ಐದು ತಾಸು. ಈಗ ಹೊರಟರೆ ಮೂರಕ್ಕೆ ಸರಿಯಾಗಿ ಬರಬಹುದು. ಉಪದೇಶ ತೆಗೆದುಕೊಂಡು ಹೊರಟರೆ ಬರುವುದು ಸಂಜೆ.

"ಇದೊಂದು ಸಲ ಹೊಳಿಗೆ ಬಿಡ್ರಿ," ಅಂದ ಯಂಕಪ್ಪ ಮೆಲ್ಲಗೆ. "ಆ ಕಡೆ ದಂಡಿಗೆ ಒಯ್ದು ಬಿಡ್ತೀನಿ. ಯಾರು ನೋಡ್ತಾರ?"

ತುಂಗವ್ವ ಮಜ್ಜಿಗೆಯ ಲೋಟ ಹಿಡಿದು ಅಲ್ಲೇ ನಿಂತಿದ್ದಳು. "ಯಪ್ಪಾ, ನೀ ಹೋಗಿ ಉಪದೇಶಾ ತಗೋ. ಮೂರು ವರ್ಷಾ ಕಾದೀದಿ. ನಮಗೇನು, ರೂಢಿ ಐತಿ."

ಹಾಗೆಂದು ಲೋಟವನ್ನು ತುಟಿಗೆ ಮುಟ್ಟಿಸದೆ ಕಟ್ಟೆಯ ಮೇಲೆ ಇಟ್ಟಳು. ಅವಳನ್ನು ನೋಡಿ ಪಕ್ಕದವಳೂ ಇಟ್ಟಳು. ಅವಳ ಪಕ್ಕದವಳೂ.

ಸದ್ಯೋಜಾತ ಲೋಟಗಳನ್ನು ನೋಡಿದ. ಗುಡಿಯ ಕಡೆ ನೋಡಿದ. ಅಜ್ಜಾರು ಪೂಜೆಗೆ ಹೂ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಂಕಪ್ಪ, ಇಂಜಿನ್ ಚಾಲೂ ಮಾಡು," ಅಂದ ಸದ್ಯೋಜಾತ.

"ಆ ಕಡೆ ದಂಡಿಗ್ರಿ?"

"ಪಟ್ಟಣಕ್ಕೆ. ಮಜ್ಜಿಗೆ ಕುಡಿಯಿರಿ ತಾಯಿ."

ಪಟ್ಟಣದ ದಡದಿಂದ ಘಟಕಕ್ಕೆ ಆಟೋ ಹಿಡಿದ. ತೊಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ.

"ಏನೈತ್ರೀ ಸ್ವಾಮೇರ ಅದರಾಗ? ಪ್ರಸಾದೇನು?" ಅಂದ ಆಟೋದವನು.

"ಪ್ರಸಾದವೇ. ಆಗಿ ಹೋದದ್ದು," ಅಂದ ಸದ್ಯೋಜಾತ.

ಘಟಕದ ನೌಕರ ಕೈಗವಸು ಕೊಟ್ಟ. "ಔಷಧಾ ಎಷ್ಟ ಹಾಕೀರಿ?"

"ಒಂದು ಮುಚ್ಚಳ."

"ಶಾಣ್ಯಾ ಇದ್ದೀರಿ. ಮೊದಲ ಈ ಬಟನ್ ಒತ್ತಿ ಗಾಳಿ ಬಿಡ್ರಿ. ಸಿಟ್ಟಿನ ಮನಷ್ಯಾ ಇದ್ದಂಗ ಇದು, ಒಮ್ಮಿಗೆ ಬಾಯಿ ತೆರಸಬಾರದು. ಹಾಂ. ಈಗ ನಿಧಾನಕ ಬಗ್ಗಸ್ರಿ. ಎರಡು ಸಲ ನೀರ ಹಾಕಿ ತೊಳೀರಿ. ತೊಳದ ನೀರೂ ಇಲ್ಲೇ, ಗಟಾರಕ್ಕಲ್ಲ."

ಎಲ್ಲ ಮುಗಿಯಿತು. ಘಟಕದ ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹೊಡೆದಿತ್ತು. ಸದ್ಯೋಜಾತ ಅದನ್ನು ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದ.

"ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದ.

ನೌಕರ ಅವನ ಮುಖ ನೋಡಿದ. "ಬರ್ರಿ, ತೋರಸ್ತೀನಿ."

ಔಷಧ ಬೆರೆತದ್ದಕ್ಕೆ ಬೇರೆ ತೊಟ್ಟಿ. ಅದಕ್ಕೆ ಬಹಳ ನೀರು ಕೂಡಿಸಿ, ಉಳಿದದ್ದರ ಜೊತೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಮುಂದೆ ಉಸುಕಿನ ಹಾಸು, ಅಲ್ಲಿ ಅದು ತಿಂಗಳುಗಟ್ಟಲೆ ಬಿಸಿಲಿಗೆ ಒಣಗುತ್ತದೆ. ಬಸಿದ ನೀರು ಜೊಂಡಿನ ಬೇರುಗಳ ನಡುವೆ ಹಾದು, ಕೊನೆಗೆ ಸಾಲು ಬೇವಿನ ಗಿಡಗಳಿಗೆ. ಬೇವು ಹಸಿರಾಗಿತ್ತು.

"ಹದಿನೆಂಟು ಲಾರಿ ಬರ್ತಾವ ದಿನಾ," ಅಂದ ನೌಕರ. "ಹಿಂಗ ಎಲ್ಲಿಗೆ ಹೋಗ್ತೈತಿ ಅಂತ ಇವತ್ತಿನ ತನಕಾ ಒಬ್ಬರೂ ಕೇಳಿಲ್ಲ."

"ನಿಮ್ಮ ಹೆಸರು?"

"ಅದನ್ನೂ ಕೇಳಿಲ್ಲ," ಎಂದು ಅವನು ನಕ್ಕ. "ದಾವಲಸಾಬ."

ದೋಣಿ ನಡುಗಡ್ಡೆಗೆ ಬಂದಾಗ ಮೂರಕ್ಕೆ ಹತ್ತು ನಿಮಿಷ ಉಳಿದಿತ್ತು. ಹೆಂಗಸರು ಗಂಟು ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಕಟ್ಟೆಯ ಮೇಲಿನ ಲೋಟಗಳು ಖಾಲಿಯಾಗಿದ್ದವು.

ಸದ್ಯೋಜಾತ ತೊಟ್ಟಿಯನ್ನು ಕೂರಿಸಿದ. ಒಂದು ಮುಚ್ಚಳ ಔಷಧ ಹಾಕಿದ. ಪರದೆಯನ್ನು ಎಳೆದರೆ ಸರಿಯುವ ಹಾಗೆ ಬಳೆಗಳಿಗೆ ಪೋಣಿಸಿದ. ಕೈ ತೊಳೆದ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ.

ಅಜ್ಜಾರು ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ಅವನು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತ. ಮೌನಿಗಳ ಹತ್ತಿರ ಮಾತಾಡಬಾರದೆಂದು ಸುಮ್ಮನಿದ್ದ.

"ತಡಾ ಆತಲ್ಲೋ," ಅಂದರು ಅಜ್ಜಾರು.

ಸದ್ಯೋಜಾತ ಬೆಚ್ಚಿ ತಿರುಗಿದ. "ಅಜ್ಜಾರೇ! ಮೌನ?"

"ಗಂಟಿ ಆದ ಮ್ಯಾಲೆ ಅಂದಿದ್ದೆ. ಆಗಿಲ್ಲ."

"ಮೂರು ಗಂಟೆ ಆಗುತ್ತ ಬಂತು!"

"ನನಗೇನ ಗೊತ್ತಪಾ. ಗಂಟಿ ಬಾರಸೂದು ಬಾಳವ್ವನ ಕೆಲಸ. ಇನ್ನಾ ಮಧ್ಯಾಹ್ನಾ ಆಗಿಲ್ಲ ಅಂತಾಳ."

ಗಂಟೆಯ ಹಗ್ಗ ಹಿಡಿದು ನಿಂತಿದ್ದ ಬಾಳವ್ವ ಆಕಾಶ ನೋಡಿದಳು. "ಮೋಡಾ ಕವದಿತ್ರಿ. ಹೊತ್ತು ತಿಳೀಲಿಲ್ಲ."

ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಅಜ್ಜಾರು ಕೇಳಿದರು. "ಎಲ್ಲಿ ಚೆಲ್ಲಿ ಬಂದಿ?"

"ಚೆಲ್ಲಲಿಲ್ಲ ಅಜ್ಜಾರೇ. ಕೊಟ್ಟು ಬಂದೆ."

"ಯಾರಿಗೆ?"

"ದಾವಲಸಾಬರಿಗೆ."

ಅಜ್ಜಾರು ಮೆಲ್ಲಗೆ ತಲೆದೂಗಿದರು. ಸದ್ಯೋಜಾತ ಒಂದು ಮೆಟ್ಟಿಲು ಮೇಲೆ ಸರಿದು, ಬಗ್ಗಿ, ಕಿವಿ ಕೊಟ್ಟ.

"ಏನೋ ಅದು?"

"ಉಪದೇಶ, ಅಜ್ಜಾರೇ."

"ಆತಲ್ಲ. ಈಗ ನೀನ ಹೇಳಿದಿ. ಇಷ್ಟ ಸಣ್ಣ ಮಾತಿನಾಗ ಹೇಳಾಕ ನನಗ ಬರ್ತಿರ್ಲಿಲ್ಲ. ನಾ ಆಗಿದ್ರ ಒಂದು ತಾಸು ಕೊರೀತಿದ್ದೆ."

ದೋಣಿಯಲ್ಲಿ ಪರದೆ ಸರ್ರೆಂದು ಸರಿಯಿತು. ತುಂಗವ್ವ ಒಳಗೆ ಹೋದಳು. ಉಳಿದವರು ಆ ಕಡೆ ಮುಖ ತಿರುಗಿಸಿ, ಯಾರೂ ಹೇಳದೆಯೇ ಹಾಡು ಎತ್ತಿಕೊಂಡರು.

ಸದ್ಯೋಜಾತ ಅಜ್ಜಾರ ಕಾಲು ಮುಟ್ಟಿ ನಮಸ್ಕರಿಸಿದ. ಆಮೇಲೆ ಕೇಳಿದ. "ಉಪದೇಶವನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕು ಅಂತಾರೆ. ಇದನ್ನೂ ಇಟ್ಟುಕೊಳ್ಳಲೇ ಅಜ್ಜಾರೇ?"

ಬಾಳವ್ವ ಹಗ್ಗವನ್ನು ಬಿಗಿಯಾಗಿ ಹಿಡಿದಳು. ಅಜ್ಜಾರು ಅವಳಿಗೆ ತಡೆ ಎಂದು ಕೈ ಮಾಡಿದರು.

"ಇಟ್ಕೊಂಡ್ರ ನಾರ್ತೈತೋ. ಹಂಗಂತ ಚೆಲ್ಲಾಡಬ್ಯಾಡ. ಒಬ್ಬರ ಹೆಸರ ಕೇಳಿ, ಅವರ ಕೈಯಾಗ ಕೊಡು. ಅವರಿಗೂ ಹಂಗ ಕೊಡ್ರಿ ಅಂತ ಹೇಳು."